ನಿಮ್ಮ ಲೇಖನದಲ್ಲಿ ಜೇನು ಇನ್ನೂ ಆಗಿಲ್ಲ

ನಮಸ್ಕಾರ.

ಜೇನುನೊಣಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಯಾಕೆಂದರೆ ನಿಮ್ಮ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ. ಕೂತಲ್ಲೇ ಬರೆಯುವವರಿಗೆ ಆ ಭಾಗ್ಯ ಇಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ನೊಣ ಶ್ರಮಜೀವಿ, ಶಿಸ್ತಿನ ಸಿಪಾಯಿ, ನಮಗೆಲ್ಲ ಮಾದರಿ ಅನ್ನುವುದನ್ನು ಪ್ರೈಮರಿ ಶಾಲೆಯಿಂದ ಕೇಳಿದ್ದೇವೆ, ಅಲ್ವಾ?

ಮೂರನೇ ಪುಟದಲ್ಲಿ 'ಮಕರಂದ ಹೀರಿ, ಗೂಡಿಗೆ ಬಂದು ಕಕ್ಕಿದಾಗ ಜೇನಾಗುತ್ತದೆ' ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ತಪ್ಪು. ಮಕರಂದ ಇಳಿಯುವುದು ಜೇನುಚೀಲಕ್ಕೆ. ಊಟ ಅರಗುವ ಹೊಟ್ಟೆ ಅದರ ಹಿಂದೆ, ನಡುವೆ ಒಂದು ಕವಾಟ. ನೊಣ ತನಗೆ ಬೇಕಾದಷ್ಟನ್ನು ಮಾತ್ರ ಆಚೆ ಬಿಟ್ಟುಕೊಳ್ಳುತ್ತದೆ, ಉಳಿದದ್ದು ಗೂಡಿನ ಪಾಲು. ತಲೆಯ ಗ್ರಂಥಿಗಳಿಂದ ಬರುವ ಇನ್ವರ್ಟೇಸ್ ಎಂಬ ಕಿಣ್ವ ರಸಕ್ಕೆ ಸೇರಿ, ಸುಕ್ರೋಸ್ ಎಂಬ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳಾಗಿ ಒಡೆಯಲು ಶುರು ಮಾಡುತ್ತದೆ. ಆದರೂ ಗೂಡಿಗೆ ಬಂದದ್ದು ಇನ್ನೂ ನೀರು ನೀರು.

ನಿಜವಾದ ಕೆಲಸ ಇರುವುದು ಇಲ್ಲಿಂದ ಮುಂದೆ. ನೀವೋ ಇಲ್ಲಿಗೇ ನಿಲ್ಲಿಸಿದ್ದೀರಿ! ಒಳಗಿನ ಕೆಲಸದ ನೊಣ ಆ ರಸವನ್ನು ಬಾಯಿಂದ ಬಾಯಿಗೆ ಪಡೆಯುತ್ತದೆ. ಗದ್ದಲ ಇಲ್ಲದ ಮೂಲೆಗೆ ಹೋಗಿ ನಾಲಿಗೆ ಚಾಚುತ್ತದೆ. ಒಂದು ಹನಿ ಹೊರಗೆ ತಂದು ತೆಳ್ಳಗೆ ಹರಡುತ್ತದೆ, ಮತ್ತೆ ಒಳಗೆಳೆಯುತ್ತದೆ. ಹೊರಗೆ, ಒಳಗೆ, ಸುಮಾರು 20 ನಿಮಿಷ ಇದೇ. ಆಮೇಲೆ ಎರಿಯ ಕಣ್ಣಿಗೆ, ಅಂದರೆ ಮೇಣದ ಪುಟ್ಟ ಕೋಣೆಗೆ ತುಂಬಿ, ಉಳಿದ ನೀರನ್ನು ನೊಣಗಳು ರೆಕ್ಕೆಯ ಗಾಳಿಯಿಂದ ಆರಿಸುತ್ತವೆ. ಮಕರಂದದಲ್ಲಿ ನೂರಕ್ಕೆ 70 ಪಾಲು ನೀರಿದ್ದರೂ ಅದು 20ರ ಆಸುಪಾಸಿಗೆ ಇಳಿಯಬೇಕು. ಇಲ್ಲದಿದ್ದರೆ ಜೇನುತುಪ್ಪ ಹುಳಿಯುತ್ತದೆ. ಹದ ಬಂದ ಮೇಲೇ ಮೇಣದ ಮುಚ್ಚಳ.

ಪೆಟ್ಟಿಗೆಯ ಬಾಗಿಲಲ್ಲಿ ನಿಂತು ರೆಕ್ಕೆ ಬಡಿಯುವ ನೊಣಗಳನ್ನು ಕಾವಲುಗಾರರು ಅಂದಿದ್ದೀರಿ. ಅವು ಗಾಳಿ ಬೀಸುತ್ತಿವೆ ಸ್ವಾಮಿ! ನಮ್ಮ ತುಡುವೆ ಮುಖ ಹೊರಗೆ ಮಾಡಿ ನಿಂತು ಗಾಳಿಯನ್ನು ಒಳಗೆ ನೂಕುತ್ತದೆ. ಯುರೋಪಿನ ಮೆಲಿಫೆರಾ ಜಾತಿಯ ಜೇನುನೊಣ ಮುಖ ಒಳಗೆ ಮಾಡಿ ಗಾಳಿಯನ್ನು ಹೊರಗೆ ಎಳೆದುಹಾಕುತ್ತದೆ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡದ್ದು ಇದೊಂದೇ, ಅದನ್ನೇ ಎರಡು ಸಾಲಲ್ಲಿ ಹಾರಿಸಿದ್ದೀರಿ. ಹೂ ಜಾಸ್ತಿ ಇರುವ ಕಾಲದಲ್ಲಿ ಒಂದು ಸಂಜೆ ಸುಮ್ನೆ ಪೆಟ್ಟಿಗೆ ಪಕ್ಕ ಕೂತು ನೋಡಿ, ಅಲ್ಲಿಂದಲೇ ಲೇಖನ ಶುರು ಮಾಡಿ.

ಕೊನೆಯಲ್ಲಿರುವ ಔಷಧಿ ಗುಣಗಳ ಪಟ್ಟಿ ಬೇಡ. 600 ಪದ ಸಾಕು. ಮುಚ್ಚಿದ ಕಣ್ಣು, ತೆರೆದ ಕಣ್ಣು ಎರಡೂ ಕಾಣುವಂತೆ ಎರಿಯ ಫೋಟೊ ಒಂದು ಕಳಿಸಿ.

— ಸಂಪಾದಕ