ಮುಚ್ಚಿದ ಬ್ರ್ಯಾಂಡಿನ ಹೊಸ ಸ್ಪೋರ್ಟ್ಸ್ ಕಾರು: ರಿಯಾಯಿತಿ ಯಾರ ಜೇಬಲ್ಲಿದೆ?

ಕಿರಣ್ ಅವರೇ, ನೀವು ಮುಖ್ಯವಾಗಿ ಕೇಳಿದ್ದು ಎರಡು. ಅಮೆರಿಕದ ಜಿಎಂ (ಜನರಲ್ ಮೋಟರ್ಸ್) ಕಂಪನಿ ತನ್ನ ಸ್ಯಾಟರ್ನ್ ಬ್ರ್ಯಾಂಡನ್ನು ಮುಚ್ಚಿದಾಗ ನಾನು ಹೊಸ ಸ್ಕೈ ಕಾರನ್ನು ಅಗ್ಗಕ್ಕೆ ಹೇಗೆ ಹುಡುಕಿದೆ ಅನ್ನೋದು ಒಂದು. ಮುಂದೆ ಬೇರೆ ಬ್ರ್ಯಾಂಡ್ ಮುಚ್ಚಿದರೆ ನೀವೂ ಹಾಗೇ ತಗೋಬಹುದಾ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಉತ್ತರ ಮೊದಲು: ತಗೋಬಹುದು. ಆದರೆ ಸತ್ತಿದ್ದು ಬ್ರ್ಯಾಂಡಾ, ಕಂಪನಿಯಾ ಅಂತ ನೋಡಿಕೊಂಡು ತಗೊಳ್ಳಿ. ಇವೆರಡರ ನಡುವೆ ಆಕಾಶ ಭೂಮಿ ವ್ಯತ್ಯಾಸ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಆಗಿನ ಪರಿಸ್ಥಿತಿ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 2009ರ ಏಪ್ರಿಲ್ 27ಕ್ಕೆ ಜಿಎಂ ಕಂಪನಿ ತನ್ನ ಇನ್ನೊಂದು ಬ್ರ್ಯಾಂಡ್ ಪಾಂಟಿಯಾಕ್ ನಿಲ್ಲಿಸುತ್ತೇವೆ ಅಂತ ಘೋಷಿಸಿತು. ಜೂನ್ 1ಕ್ಕೆ ಜಿಎಂ ತಾನೇ ದಿವಾಳಿ ಅರ್ಜಿ ಹಾಕಿತು. ಸ್ಯಾಟರ್ನನ್ನು ಅಲ್ಲಿನ ದೊಡ್ಡ ಕಾರು ಮಾರಾಟ ಕಂಪನಿ ಪೆನ್ಸ್ಕೆಯವರು ಕೊಳ್ಳುತ್ತಾರೆ ಅಂತ ಮಾತುಕತೆ ನಡೆದಿತ್ತು. ಸೆಪ್ಟೆಂಬರ್ 30ಕ್ಕೆ ಅದೂ ಮುರಿದುಬಿತ್ತು. ಪಾಂಟಿಯಾಕ್ ಸೋಲ್‌ಸ್ಟಿಸ್, ಸ್ಯಾಟರ್ನ್ ಸ್ಕೈ ಎರಡೂ ಅಣ್ಣತಮ್ಮಂದಿರಂಥ ಎರಡು ಸೀಟಿನ ಗಾಡಿಗಳು. ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿ ತಯಾರಾಗುತ್ತಿದ್ದವು. ಆ ಕಾರ್ಖಾನೆ ಜುಲೈನಲ್ಲೇ ಬಾಗಿಲು ಹಾಕಿತ್ತು. ಅಂದರೆ ಡೀಲರ್‌ಗಳ ಅಂಗಳದಲ್ಲಿ ಇದ್ದದ್ದೇ ಕೊನೆ.

ನಾನು ಆಗ ಮಿಶಿಗನ್‌ನಲ್ಲಿದ್ದೆ, ಈಗಲೂ ಇಲ್ಲೇ. ಏಪ್ರಿಲ್‌ನಲ್ಲೇ ಎಲ್ಲರೂ ಡೀಲರ್ ಹತ್ತಿರ ಓಡಿದರು. ನಾನೂ ಹೋದೆ. ಅಂಥ ರಿಯಾಯಿತಿ ಏನೂ ಇರಲಿಲ್ಲ. ಬ್ರ್ಯಾಂಡ್ ಸತ್ತ ದಿನ ಬೆಲೆ ಬೀಳಲ್ಲ, ಇದನ್ನು ನೆನಪಿಡಿ. ಆ ದಿನ ಬರುವವರು ಅಭಿಮಾನಿಗಳು, ಕೊನೆ ಗಾಡಿ ತಮಗಿರಲಿ ಅಂತ ಬರುವವರು. ಡೀಲರ್‌ಗೆ ಅದು ಸುಗ್ಗಿ.

ಬೆಲೆ ನಿಜವಾಗಿ ಬಿದ್ದದ್ದು ಡಿಸೆಂಬರ್ ಕೊನೆಯಲ್ಲಿ. ಉಳಿದ ಪ್ರತಿಯೊಂದು ಹೊಸ ಪಾಂಟಿಯಾಕ್, ಸ್ಯಾಟರ್ನ್ ಗಾಡಿಯನ್ನು ಡೀಲರ್ ತನ್ನದೇ ಬಾಡಿಗೆ ಅಥವಾ ಸರ್ವಿಸ್ ಗಾಡಿಗಳ (ಫ್ಲೀಟಿನ) ಲೆಕ್ಕಕ್ಕೆ ಹಾಕಿಕೊಂಡರೆ ಗಾಡಿಗೆ 7,000 ಡಾಲರ್ ಕೊಡುತ್ತೇವೆ ಅಂತ ಜಿಎಂ ಹೇಳಿತು. ಇಲ್ಲೇ ಇರೋದು ಗುಟ್ಟು. ದುಡ್ಡು ಹೋಗಿದ್ದು ಡೀಲರ್‌ಗೆ, ಗಿರಾಕಿಗಲ್ಲ. ಹಾಗೆ ಲೆಕ್ಕಕ್ಕೆ ಹಾಕಿಕೊಂಡ ಕೂಡಲೇ ಗಾಡಿ ಕಾಗದದ ಮೇಲೆ ಸೆಕೆಂಡ್ ಹ್ಯಾಂಡ್ ಆಯಿತು. ಮೀಟರಿನಲ್ಲಿ 9 ಮೈಲಿ, ಸೀಟಿನ ಮೇಲೆ ಪ್ಲಾಸ್ಟಿಕ್ ಹಾಗೇ ಇದೆ, ಆದರೂ ಹಳೇ ಗಾಡಿ. ಆ 7,000ದಲ್ಲಿ ಎಷ್ಟು ಬಿಟ್ಟುಕೊಡಬೇಕು ಅನ್ನೋದು ಡೀಲರಿನ ಮನಸ್ಸು. ಈ ಸ್ಕೀಮ್ ಗೊತ್ತಿಲ್ಲದೆ ಹೋದವರಿಗೆ 2,000 ಬಿಟ್ಟು "ಸ್ಪೆಷಲ್ ರೇಟ್ ಸರ್" ಅಂತ ಕಳಿಸಿದವರೂ ಇದ್ದರು.

ನಾನು ಜನವರಿಯಲ್ಲಿ ಹೋದೆ. ನೆಲದ ಮೇಲೆ ಮೊಣಕಾಲುದ್ದ ಹಿಮ. ಮಡಚುವ ಬಟ್ಟೆ ಮೇಲ್ಛಾವಣಿಯ ಗಾಡಿಯನ್ನು ಆ ಚಳಿಯಲ್ಲಿ ಕೇಳೋರು ಯಾರು? ಸ್ಕೈನ ರೆಡ್ ಲೈನ್ ಮಾಡೆಲ್, ಅಂದರೆ 2.0 ಲೀಟರ್ ಟರ್ಬೊ, 260 ಕುದುರೆ ಶಕ್ತಿಯದ್ದು. ಸ್ಟಿಕರ್ ಬೆಲೆ 31 ಸಾವಿರ ಡಾಲರ್ ಚಿಲ್ಲರೆ. ಸೇಲ್ಸ್‌ನವರು 27ಕ್ಕೆ ಶುರು ಮಾಡಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಈ ಗಾಡಿ ನಿಮ್ಮ ಫ್ಲೀಟಿಗೆ ಹೋಗಿದೆಯಾ, ಯಾವ ತಾರೀಖಿಗೆ?" ಅವರು ಒಂದು ಕ್ಷಣ ನನ್ನ ಮುಖ ನೋಡಿ ಮ್ಯಾನೇಜರ್ ಕರೆಯಲು ಹೋದರು. ಕೊನೆಗೆ ತೆರಿಗೆ ಬಿಟ್ಟು 21,500ಕ್ಕೆ ಮುಗಿಯಿತು. ಚೌಕಾಸಿ ಇಲ್ಲದ ಒಂದೇ ದರ ಅಂತಲೇ ಹೆಸರು ಮಾಡಿದ್ದ ಬ್ರ್ಯಾಂಡ್ ಸ್ಯಾಟರ್ನ್. ಅದರ ಅಂಗಡಿಯಲ್ಲಿ ಕೂತು ಚೌಕಾಸಿ ಮಾಡಿದ್ದು ಇವತ್ತಿಗೂ ತಮಾಷೆ ಅನಿಸುತ್ತೆ.

ಈ ಅಗ್ಗಕ್ಕೆ ನಾನು ಏನು ಕಳಕೊಂಡೆ ಅಂತಲೂ ಹೇಳಬೇಕಲ್ವಾ. ಟೈಟಲ್‌ನಲ್ಲಿ (ಗಾಡಿಯ ಮಾಲೀಕತ್ವದ ಪತ್ರದಲ್ಲಿ) ನಾನು ಎರಡನೇ ಮಾಲೀಕ. ಹೊಸ ಗಾಡಿಗೆ ಸಿಗುವ ಕಮ್ಮಿ ಬಡ್ಡಿ ಸಿಗಲಿಲ್ಲ, ಕ್ರೆಡಿಟ್ ಯೂನಿಯನ್ (ಸಹಕಾರಿ ಬ್ಯಾಂಕಿನಂಥದ್ದು) ಹತ್ತಿರ ಸಾಲ ಮಾಡಿದೆ. ವಾರಂಟಿ ನಾನು ಕೊಂಡ ದಿನದಿಂದ ಅಲ್ಲ, ಫ್ಲೀಟಿಗೆ ಹಾಕಿದ ದಿನದಿಂದ ಎಣಿಕೆ. ನನಗೆ ಹೋಗಿದ್ದು ಕೆಲವೇ ವಾರ. ಆರು ತಿಂಗಳು ಡೀಲರ್ ಹತ್ತಿರ ಓಡಿದ ಗಾಡಿಯಾದರೆ ಆರು ತಿಂಗಳು ಹೋದಂತೆಯೇ. ಇಷ್ಟೇ ಅಲ್ಲ, ಬಣ್ಣ ಆರಿಸುವ ಭಾಗ್ಯವೂ ಇರಲಿಲ್ಲ. ನನಗೆ ಕೆಂಪು ಬೇಕಿತ್ತು, ಸಿಕ್ಕಿದ್ದು ಬೆಳ್ಳಿ ಬಣ್ಣ.

ಹುಡುಕೋದು ಎಲ್ಲಿ ಅಂತೀರಾ? ದೊಡ್ಡ ಊರಿನ ದೊಡ್ಡ ಡೀಲರ್ ಬಿಟ್ಟುಬಿಡಿ. ಅವರ ಗಾಡಿ ಹೇಗೂ ಹೋಗುತ್ತೆ. ಎಲ್ಲರೂ ಪಿಕಪ್ ಟ್ರಕ್ ಕೊಳ್ಳುವ ಸಣ್ಣ ಊರಿನಲ್ಲಿ ಎರಡು ಸೀಟಿನ ಗಾಡಿ ವರ್ಷಗಟ್ಟಲೆ ಕೂತಿರುತ್ತೆ. ಅಂಥ ಊರಿನ ಡೀಲರ್‌ಗಳ ಸ್ಟಾಕ್ ಪಟ್ಟಿ ಆನ್‌ಲೈನ್‌ನಲ್ಲೇ ಇರುತ್ತೆ. "ಹೊಸದು" ಅಂತ ಆರಿಸಿ, ಹೋದ ವರ್ಷದ ಅಥವಾ ಅದರ ಹಿಂದಿನ ವರ್ಷದ ಮಾಡೆಲ್ ಹಾಕಿ ನೋಡಿ. ಆಮೇಲೆ ಅದೇ ಗಾಡಿಯನ್ನು "ಹಳೆಯದು" ಪಟ್ಟಿಯಲ್ಲೂ ಹುಡುಕಿ. 50 ಮೈಲಿ ಒಳಗೆ ಓಡಿದ "ಹಳೇ" ಗಾಡಿ ಕಂಡರೆ ಅದು ನನ್ನದರಂಥದ್ದೇ.

ಡೀಲರ್ ಯಾಕೆ ಬಗ್ಗುತ್ತಾನೆ ಅನ್ನೋದೂ ಗೊತ್ತಿರಲಿ. ಅಂಗಳದ ಗಾಡಿ ಅವನ ಸ್ವಂತ ದುಡ್ಡಿನದಲ್ಲ, ಸಾಲದ್ದು. ನಿಂತಷ್ಟು ದಿನ ಬಡ್ಡಿ ಓಡುತ್ತೆ. ಅದರ ಮೇಲೆ ಬ್ರ್ಯಾಂಡಿನ ಕರಾರು ಮುಗಿದ ಮೇಲೆ ಕಂಪನಿಯ ಸ್ಕೀಮ್ ದುಡ್ಡು ಅವನಿಗೆ ಸಿಗಲ್ಲ. ಹಾಗಾಗಿ ಸ್ಕೀಮ್ ಮುಗಿಯುವ ಕೊನೆ ವಾರ, ತಿಂಗಳ ಕೊನೆ, ಚಳಿಗಾಲ, ಈ ಮೂರೂ ಕೂಡಿ ಬಂದರೆ ಹೋಗಿ. ಬೇರೆ ಬ್ರ್ಯಾಂಡ್ ಇಲ್ಲದೆ ಇದೊಂದನ್ನೇ ಮಾರುವ ಅಂಗಡಿಯಾದರೆ ಇನ್ನೂ ಒಳ್ಳೆಯದು. ಬ್ಯೂಕ್, ಜಿಎಂಸಿ ಜೊತೆಗೆ ಪಾಂಟಿಯಾಕ್ ಮಾರುತ್ತಿದ್ದವರಿಗೆ ಅಂಥ ಅವಸರ ಇರಲಿಲ್ಲ. ಸ್ಯಾಟರ್ನ್ ಅಂಗಡಿಯವರಿಗೆ ಅದು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಮನೆ ಬಿಡುವ ಮುಂಚೆ ಎಲ್ಲಾ ಸೇರಿಸಿ ಕೈಗೆ ಗಾಡಿ ಬರುವ ಬೆಲೆ ಎಷ್ಟು ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅಲ್ಲಿಗೆ ಹೋದಮೇಲೆ "ಕಾಗದಪತ್ರದ ಚಾರ್ಜ್" ಅಂತ ಸೇರಿಸುವ ಆಟ ಆಡುತ್ತಾರೆ.

ಈಗ ಸತ್ತವರು ಯಾರು ಅನ್ನೋ ಮಾತಿಗೆ ಬರೋಣ. ಪಾಂಟಿಯಾಕ್, ಸ್ಯಾಟರ್ನ್ ಸತ್ತವು, ಜಿಎಂ ಬದುಕಿತು. ಇಂಜಿನ್ ಗೇರ್‌ಬಾಕ್ಸ್‌ಗೆ 5 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಇತ್ತು. ಜಿಎಂನದೇ ಇನ್ನೊಂದು ಬ್ರ್ಯಾಂಡ್ ಷೆವರ್ಲೆಯ ಅಂಗಡಿಗೆ ಹೋದರೆ ಸುಮ್ನೆ ಮಾಡಿಕೊಟ್ಟರು. ದಿವಾಳಿಯ ಸಮಯದಲ್ಲಿ ಜನ ಹೆದರಬಾರದು ಅಂತ ಅಮೆರಿಕ ಸರ್ಕಾರವೇ ಆ ವಾರಂಟಿಗೆ ಬೆಂಬಲ ನಿಂತಿತ್ತು. ಜಿಎಂ ಕೈಲಿದ್ದ ಸ್ವೀಡನ್ನಿನ ಸಾಬ್ ಕಂಪನಿಯ ಕತೆ ಬೇರೆ. ಅದನ್ನು ಜಿಎಂ 2010ರಲ್ಲಿ ನೆದರ್ಲೆಂಡ್ಸಿನ ಸಣ್ಣ ಕಾರು ಕಂಪನಿ ಸ್ಪೈಕರ್‌ಗೆ ಮಾರಿತು, 2011ರ ಡಿಸೆಂಬರ್‌ನಲ್ಲಿ ಸಾಬ್ ದಿವಾಳಿ ಎದ್ದಿತು. ಜಿಎಂ ಕಾಲದ ಗಾಡಿಗಳ ವಾರಂಟಿ ಉಳಿಯಿತು. ಆಮೇಲಿನ ಗಾಡಿ ಕೊಂಡವರನ್ನು ಕೇಳೋರಿಲ್ಲ. ಇಂಗ್ಲೆಂಡಿನ ಎಂಜಿ ರೋವರ್ 2005ರಲ್ಲಿ ಬಿದ್ದಾಗ ಎಂಜಿ ಟಿಎಫ್ ಸ್ಪೋರ್ಟ್ಸ್ ಕಾರು ಕೊಂಡವರಿಗೂ ಇದೇ ಪಾಡು. ಎಂಜಿ ಹೆಸರು ಈಗ ಚೀನಾದವರ ಕೈಯಲ್ಲಿ ಚೆನ್ನಾಗೇ ಇದೆ, ಬೆಂಗಳೂರಿನಲ್ಲಿ ಓಡಾಡುವ ಹೆಕ್ಟರ್ ಅದರದ್ದೇ. ಹೆಸರು ಬದುಕಿತು ಅಂತ ಹಳೇ ವಾರಂಟಿ ಬದುಕಲ್ಲ.

ಇತ್ತೀಚಿನ ಉದಾಹರಣೆ ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಫಿಸ್ಕರ್. ಸ್ಪೋರ್ಟ್ಸ್ ಕಾರಲ್ಲ, ಆದರೂ ಪಾಠ ಒಂದೇ. 2024ರ ಮಾರ್ಚ್‌ನಲ್ಲಿ ತಮ್ಮ ಓಷನ್ ಎಕ್ಸ್‌ಟ್ರೀಮ್ ಗಾಡಿಯ ಬೆಲೆಯನ್ನು 61,499ರಿಂದ 37,499 ಡಾಲರ್‌ಗೆ ಇಳಿಸಿದರು. ಎಂಥಾ ಡೀಲ್ ಅಂತ ಜನ ಕೊಂಡರು. ಜೂನ್‌ನಲ್ಲಿ ಕಂಪನಿ ದಿವಾಳಿ. ಉಳಿದ ಮೂರು ಸಾವಿರ ಚಿಲ್ಲರೆ ಗಾಡಿಗಳನ್ನು ನ್ಯೂಯಾರ್ಕಿನ ಒಂದು ಟ್ಯಾಕ್ಸಿ ಲೀಸ್ ಕಂಪನಿ ಗಾಡಿಗೆ ಸುಮಾರು 14 ಸಾವಿರದ ಲೆಕ್ಕದಲ್ಲಿ ಎತ್ತಿಕೊಂಡಿತು. ಮಾರ್ಚ್‌ನಲ್ಲಿ ಕೊಂಡವರ ಹೊಟ್ಟೆ ಉರಿ ಊಹಿಸಿ. ಸಾಫ್ಟ್‌ವೇರ್ ಮೇಲೆ ನಿಂತ ಗಾಡಿಗೆ ಕಂಪನಿಯೇ ಇಲ್ಲದಿದ್ದರೆ ಬಾಗಿಲು ತೆಗೆಯೋದೂ ಕಷ್ಟ. ಓನರ್‌ಗಳೇ ಸಂಘ ಕಟ್ಟಿಕೊಂಡು ಓಡಾಡಬೇಕಾಯಿತು. ಎಲೆಕ್ಟ್ರಿಕ್ ಗಾಡಿ, ತಾಯಿ ಕಂಪನಿ ಇಲ್ಲ ಅಂದರೆ ಅರ್ಧ ಬೆಲೆಗೂ ನಾನು ಮುಟ್ಟಲ್ಲ.

ಬಿಡಿಭಾಗದ ವಿಷಯ. ಕೊಳ್ಳುವ ಮುಂಚೆ ಆ ಗಾಡಿಯ ಒಳಗೆ ಯಾರ್ಯಾರ ಸಾಮಾನಿದೆ ನೋಡಿ. ಸ್ಕೈನ ಐದು ಗೇರಿನ ಗೇರ್‌ಬಾಕ್ಸ್ ಷೆವರ್ಲೆ ಕೊಲೊರಾಡೊ ಪಿಕಪ್‌ನದ್ದೇ ಜಾತಿ. ಟರ್ಬೊ ಇಂಜಿನ್ ಷೆವರ್ಲೆಯ ಕೋಬಾಲ್ಟ್ ಎಸ್ಎಸ್‌ನಲ್ಲೂ ಬಂದಿತ್ತು. ಇವೆಲ್ಲಾ ಇವತ್ತಿಗೂ ಸಿಗುತ್ತೆ. ಸಿಗದೇ ಇರೋದು ಹೊರಮೈ: ಹೆಡ್‌ಲೈಟ್, ಬಂಪರ್, ಬಾಗಿಲ ಹೊರ ತಗಡು. ಪಾರ್ಕಿಂಗ್‌ನಲ್ಲಿ ಯಾರೋ ಹಿಂದಿನ ದೀಪಕ್ಕೆ ಗುದ್ದಿ ಹೋದರು. ಅದನ್ನು ಹುಡುಕಲು ನನಗೆ ಏಳು ವಾರ ಹಿಡಿಯಿತು. ದೊಡ್ಡ ಏಟಾದರೆ ಇನ್ಶೂರೆನ್ಸ್‌ನವರು ರಿಪೇರಿ ಗೋಜಿಗೇ ಹೋಗದೆ ಟೋಟಲ್, ಅಂದರೆ ಪೂರ್ತಿ ಹಾಳು, ಅಂತ ಬರೆದುಬಿಡುತ್ತಾರೆ.

ಬಹಳ ದಿನ ನಿಂತ ಗಾಡಿಯನ್ನು ಪರೀಕ್ಷೆ ಮಾಡೋದು ಬೇರೆಯೇ ವಿದ್ಯೆ. ಮೊದಲು ಬಗ್ಗಿ ಟೈರ್ ನೋಡಿ. ಪಕ್ಕದಲ್ಲಿ ಡಿಓಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. ನನ್ನದರಲ್ಲಿ 3108 ಅಂತಿತ್ತು, ಅಂದರೆ 2008ರ 31ನೇ ವಾರ. ಕೊಂಡ ದಿನಕ್ಕೇ ಟೈರಿಗೆ ಒಂದೂವರೆ ವರ್ಷ. ಅದನ್ನು ತೋರಿಸಿ ಇನ್ನೂರು ಡಾಲರ್ ಇಳಿಸಿದೆ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತೆ, ಅದರ ಜೊತೆ ಹೋಲಿಸಿ. ಬ್ಯಾಟರಿ ಹೊಸದು ಹಾಕಿಸಿಕೊಡಿ ಅಂತ ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಬ್ರೇಕ್ ಡಿಸ್ಕಿನ ಮೇಲಿನ ತುಕ್ಕು ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತೆ, ಹೆದರಬೇಡಿ. ಗಾಡಿ 60 ಮೈಲಿ ವೇಗದಲ್ಲಿ ದಡದಡ ಅಂದರೆ ಟೈರ್ ಒಂದು ಕಡೆ ಚಪ್ಪಟೆಯಾಗಿದೆ ಅಂತ ಲೆಕ್ಕ. ಮೇಲ್ಛಾವಣಿ ಬಟ್ಟೆಯ ಒಳಮೈಗೆ ಕೈ ಇಟ್ಟು ಒದ್ದೆ ಇದೆಯಾ ನೋಡಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ. ನಾನು ಬಿಚ್ಚಿಸಲಿಲ್ಲ. ಮೊದಲ ಸರ್ವಿಸ್‌ನಲ್ಲಿ ಮೆಕ್ಯಾನಿಕ್ ಹೊರಗೆ ತೆಗೆದದ್ದು ಒಂದು ಹಿಡಿ ಹತ್ತಿಯಂಥ ಇಲಿ ಗೂಡು.

ಮಧ್ಯದಲ್ಲಿ ಬೆಂಗಳೂರಿನಿಂದ ಒಬ್ಬರು, "ಸೋಲ್‌ಸ್ಟಿಸ್ ಇಲ್ಲಿಗೆ ತರಿಸಬಹುದಾ" ಅಂತ ಕೇಳಿದ್ದಾರೆ. ಆಸೆ ಬಿಡಿ ಸ್ವಾಮಿ. ಎಡಗಡೆ ಸ್ಟೀರಿಂಗ್ ಇದೆ, ಅದನ್ನು ಅಲ್ಲಿ ರಿಜಿಸ್ಟರ್ ಮಾಡಿಸೋದು ಆಗದ ಮಾತು. ಸುಂಕ ಸೇರಿದರೆ ಅಗ್ಗ ಅನ್ನೋ ಪದವೇ ಮರೆತುಹೋಗುತ್ತೆ.

ಕಿರಣ್, ಕೊನೆಗೆ ಮಾರುವಾಗ ಲಾಭ ಬರುತ್ತಾ ಅಂತಲೂ ಕೇಳಿದ್ದಿರಿ. ಸೋಲ್‌ಸ್ಟಿಸ್ ಕೂಪೆ (ಗಟ್ಟಿ ಛಾವಣಿಯದ್ದು) ಸಾವಿರದ ಚಿಲ್ಲರೆ ಮಾತ್ರ ಬಂದವು. ಅದಿದ್ದವರಿಗೆ ಒಳ್ಳೆ ಬೆಲೆ ಬರುತ್ತೆ. ನನ್ನಂಥ ಮಾಮೂಲಿ ಮಾಡೆಲ್‌ಗೆ ಬರಲ್ಲ. ಓಡಿಸುವ ಖುಷಿಗೆ ತಗೊಳ್ಳಿ. ಒಂದು ಮಾತು, ಟ್ರಂಕ್ (ಡಿಕ್ಕಿ) ತೆಗೆದು ನೋಡಿಯೇ ಸಹಿ ಹಾಕಿ. ಸ್ಕೈನಲ್ಲಿ ಪೆಟ್ರೋಲ್ ಟ್ಯಾಂಕಿನ ಉಬ್ಬು ಟ್ರಂಕಿನ ನಡುವೆಯೇ ಎದ್ದು ನಿಂತಿದೆ. ಮೇಲ್ಛಾವಣಿ ಮಡಚಿದರೆ ಉಳಿಯೋದು ಅಕ್ಕಪಕ್ಕದ ಸಂದು ಮಾತ್ರ. ಮೊದಲನೇ ಭಾನುವಾರ ಇಂಡಿಯನ್ ಅಂಗಡಿಗೆ ಹೋಗಿ 20 ಪೌಂಡಿನ ಸೋನಾ ಮಸೂರಿ ಚೀಲ ತಂದೆವು. ಚೀಲ ಮುಂದಿನ ಸೀಟಿನಲ್ಲಿ ನಮ್ಮ ಮನೆಯವರ ತೊಡೆ ಮೇಲೆ ಕೂತು ಬಂತು. ಮನೆಗೆ ಬರೋವರೆಗೂ ಅವರು ಒಂದು ಮಾತೂ ಆಡಲಿಲ್ಲ.

ಯಾವುದಾದರೂ ಗಾಡಿ ಕಣ್ಣಿಗೆ ಬಿದ್ದರೆ ಬಾಗಿಲ ಸ್ಟಿಕರ್, ಟೈರ್ ಅಂಕಿ ಎರಡರ ಫೋಟೊ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.