ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ ಕೊಳ್ಳುವ ಮೊದಲು ಏನೇನು ನೋಡಬೇಕು?

2022ರ ಮಾಡೆಲ್ಲಿನ, 19 ಸಾವಿರ ಕಿಲೋಮೀಟರ್ ಓಡಿರುವ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ ಗಾಡಿಯೊಂದು ಬೆಂಗಳೂರಿನಲ್ಲಿ ಮಾರಾಟಕ್ಕಿದೆ, ಪೇಟೆಯ ಓಡಾಟಕ್ಕೂ ಮಲೆನಾಡಿನ ಮಣ್ಣುರಸ್ತೆಗೂ ಒಂದೇ ಬೈಕ್ ಬೇಕಾಗಿದೆ, ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು ಎಂದು ಕೇಳಿದ್ದೀರಿ. ಸಕಲೇಶಪುರದ ಕಡೆಯ ತೋಟದ ದಾರಿಗಳಲ್ಲಿ ಇಂಥ ಗಾಡಿಯನ್ನು ದಿನವೂ ಓಡಿಸುವವನಾಗಿ, ಈವರೆಗೆ ಮೂರು ಹಳೆಯ ಬೈಕುಗಳನ್ನು ಕೊಂಡು ಅವುಗಳಲ್ಲೊಂದರಲ್ಲಿ ಚೆನ್ನಾಗಿಯೇ ಟೋಪಿ ಹಾಕಿಸಿಕೊಂಡವನಾಗಿ ಉತ್ತರಿಸುತ್ತಿದ್ದೇನೆ.

ಮೀಟರಿನಲ್ಲಿ ಕಾಣುವ 19 ಸಾವಿರಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಹೆದ್ದಾರಿಯಲ್ಲಿ 40 ಸಾವಿರ ಓಡಿ ಕಾಲಕಾಲಕ್ಕೆ ಆಯಿಲ್ ಕಂಡ ಗಾಡಿಯು, ವಾರಾಂತ್ಯಗಳಲ್ಲಿ ಹಳ್ಳ ಹಾಯಿಸಿ, ಬಂಡೆಯ ಮೇಲೆ ಕೆಡವಿ, ಪ್ರೆಷರ್ ವಾಶ್ ಹೊಡೆಸಿ 8 ಸಾವಿರ ಓಡಿಸಿದ ಗಾಡಿಗಿಂತ ಎಷ್ಟೋ ಮೇಲು. ಟ್ಯಾಂಕಿನ ಹೊಳಪು ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಗಾಡಿಯ ಹೊಟ್ಟೆ ಹೇಳುತ್ತದೆ. ಹಾಗಾಗಿ ನೋಡಲು ಹೋಗುವಾಗ ನೆಲಕ್ಕೆ ಹಾಸಲು ಒಂದು ಗೋಣಿಚೀಲ ಮತ್ತು ಒಳ್ಳೆಯ ಟಾರ್ಚ್ ಒಯ್ಯಿರಿ. ಎಂಜಿನ್ನಿನ ಅಡಿಯನ್ನು ಕಾಯುವ ಬ್ಯಾಷ್ ಪ್ಲೇಟಿನ ಮೇಲೆ ಗೀರು, ಸಣ್ಣ ತಗ್ಗು ಇದ್ದರೆ ನಾನು ಹೆದರುವುದಿಲ್ಲ, ಅದಿರುವುದೇ ಪೆಟ್ಟು ತಿನ್ನಲಿಕ್ಕೆ. ಉಳಿದೆಲ್ಲ ಹಳತಾಗಿದ್ದು ಅದೊಂದು ಮಾತ್ರ ಹೊಚ್ಚ ಹೊಸದಾಗಿದ್ದರೆ, ಹಳೆಯದಕ್ಕೆ ಏನಾಯಿತು ಎಂದು ಕೇಳಿ, ಅದರ ಹಿಂದಿನ ಎಂಜಿನ್ ಕೇಸಿನಲ್ಲಿ ಬಿರುಕು ಅಥವಾ ಎಂ-ಸೀಲ್ ಬಳಿದ ಗುರುತು ಇದೆಯೇ ಎಂದು ಹುಡುಕಿ.

ಹೆಚ್ಚಿನ ಸಮಯವನ್ನು ಮುಂಭಾಗಕ್ಕೆ ಕೊಡಿ. ನಾನು ಮೋಸ ಹೋದದ್ದು ಅಲ್ಲಿಯೇ. ಫೋರ್ಕಿಗೆ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಶಾಕ್ ಅಬ್ಸಾರ್ಬರ್ ಕಾಲುಗಳಿಗೆ, ಹಾಕಿರುವ ರಬ್ಬರ್ ಬೂಟುಗಳು ಧೂಳನ್ನು ತಡೆಯುವಂತೆಯೇ ದೋಷವನ್ನೂ ಮುಚ್ಚಿಡುತ್ತವೆ. ನಾನು ಕೊಂಡ ಗಾಡಿಯ ಬೂಟುಗಳು ತೊಳೆದು ಫಳಫಳಿಸುತ್ತಿದ್ದವು. ಎತ್ತಿ ನೋಡುವ ಬುದ್ಧಿ ನನಗೆ ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಮುಂದಿನ ಡಿಸ್ಕಿನ ಮೇಲೆ ಆಯಿಲ್ ಇಳಿದು ಬ್ರೇಕ್ ಹಿಡಿಯದಂತಾಯಿತು. ಬಿಚ್ಚಿಸಿದರೆ ಒಳಗೆ ಅಂಗುಲದಷ್ಟು ಒಣಗಿದ ಕೆಸರು, ಅದರಡಿಯಲ್ಲಿ ಫೋರ್ಕಿನ ಪೈಪಿನ ಮೇಲೆ ಸಾಸಿವೆಯಷ್ಟು ದೊಡ್ಡ ತುಕ್ಕಿನ ಗುಳಿಗಳು. ಆಯಿಲ್ ಸೀಲ್ ಮಾತ್ರ ಬದಲಾಯಿಸಿದ್ದರೆ ಖರ್ಚು ಸಣ್ಣದು, ಆದರೆ ಗುಳಿ ಬಿದ್ದ ಪೈಪು ಹೊಸ ಸೀಲನ್ನೂ ಕೊರೆದುಹಾಕುವುದರಿಂದ ಪೈಪುಗಳನ್ನೇ ಬದಲಾಯಿಸಬೇಕಾಯಿತು. ಆದ್ದರಿಂದ ಬೂಟಿನ ಕೆಳಗಿನ ಕ್ಲಿಪ್ ಸಡಿಲಿಸಿ ಮೇಲೆತ್ತಿ, ಪೈಪಿನ ಮೇಲೆ ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆಯಿರಿ. ಎಲ್ಲಿಯಾದರೂ ಉಗುರು ತಡೆದರೆ ಪೈಪು ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ, ಇಲ್ಲವೇ ಗಾಡಿಯನ್ನೇ ಬಿಡಿ. ಬೂಟು ಎತ್ತಿ ನೋಡಲು ಒಪ್ಪದ ಮಾರಾಟಗಾರನ ಬಳಿ ಮುಂದೆ ಮಾತನಾಡುವ ಅಗತ್ಯವಿಲ್ಲ.

ಅನಂತರ ಎಂಜಿನ್ ಅಡಿಗೆ ಗಟ್ಟಿಯಾದ ಮರದ ತುಂಡು ಕೊಟ್ಟು, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಹ್ಯಾಂಡಲನ್ನು ಎರಡು ಬೆರಳಿನಿಂದ ನಿಧಾನವಾಗಿ ಎಡಬಲಕ್ಕೆ ತಿರುಗಿಸಿ. ನೇರವಾಗಿ ನಿಲ್ಲುವ ಜಾಗದಲ್ಲಿ ಅದು ತಾನಾಗಿಯೇ ಗೂಡಿಗೆ ಕೂತಂತೆ ತಡೆದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ ಎಂದರ್ಥ. ಹಾಗೆಯೇ ಹ್ಯಾಂಡಲ್ ಪೂರ್ತಿ ತಿರುಗಿದಾಗ ಫ್ರೇಮಿಗೆ ತಾಗುವ ಸ್ಟಾಪರನ್ನು ನೋಡಿ. ಲಿವರ್, ಹ್ಯಾಂಡ್ ಗಾರ್ಡ್, ಇಂಡಿಕೇಟರ್ ಎಲ್ಲವನ್ನೂ ಬದಲಾಯಿಸಿ ಬಿದ್ದ ಗುರುತನ್ನು ಅಳಿಸಬಹುದು. ಬಾಗಿದ ಸ್ಟಾಪರನ್ನು ಯಾರೂ ನೆನಪಿಟ್ಟು ಸರಿಮಾಡುವುದಿಲ್ಲ.

ಚಕ್ರಗಳ ಕೆಲಸ ಬೇಗ ಮುಗಿಯುತ್ತದೆ. ಮುಂದೆ 21 ಇಂಚು, ಹಿಂದೆ 18 ಇಂಚಿನ ಸ್ಪೋಕ್ ಚಕ್ರಗಳಿವೆ. ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಸ್ಪೋಕ್ ತಟ್ಟುತ್ತಾ ಹೋದರೆ ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಚಕ್ರ ತಿರುಗಿಸಿ ರಿಮ್ ಡೊಂಕಾಗಿ ಓಲಾಡುತ್ತಿದೆಯೇ ನೋಡಿ. ಹಿಂದಿನ ಸ್ಪ್ರಾಕೆಟಿನ (ಚೈನ್ ಕೂರುವ ಹಲ್ಲುಚಕ್ರ) ಹಲ್ಲು ಶಾರ್ಕ್ ಮೀನಿನ ಹಲ್ಲಿನಂತೆ ಒಂದೇ ಕಡೆಗೆ ವಾಲಿದ್ದರೆ ಚೈನ್ ಸ್ಪ್ರಾಕೆಟ್ ಪೂರ್ತಿ ಸೆಟ್ಟನ್ನೇ ಬದಲಾಯಿಸಬೇಕು. ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿದಾಗ ಕಟಕಟ ಎಂದರೆ ಬೇರಿಂಗ್ ಅಥವಾ ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ಸವೆದಿದೆ.

ನೀವು ತಲುಪುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ಹೇಳಿಡಿ, ಹೋದ ಕೂಡಲೇ ಮುಟ್ಟಿ ನೋಡಿ. ಬಿಸಿಯಾಗಿದ್ದರೆ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕೇಳಿಸುವ ಟೈಮಿಂಗ್ ಚೈನಿನ ಸದ್ದೋ ಕಾಣುವ ನೀಲಿ ಹೊಗೆಯೋ ನಿಮಗೆ ಗೊತ್ತಾಗಬಾರದು ಎಂದು ಯಾರೋ ಬಯಸಿದ್ದಾರೆ. ಏರ್ ಫಿಲ್ಟರ್ ಬಾಕ್ಸನ್ನು ಬಿಚ್ಚಿಸಿಯೇ ನೋಡಿ: ಫಿಲ್ಟರಿನ ಹೊರಗೆ ಧೂಳಿರುವುದು ಸಹಜ, ಒಳಗಡೆ, ಅಂದರೆ ಎಂಜಿನ್ ಕಡೆಗೆ, ನುಣ್ಣನೆಯ ಮಣ್ಣು ಕೂತಿದ್ದರೆ ಪಿಸ್ಟನ್ ರಿಂಗ್ ಸವೆಯತೊಡಗಿದೆ ಎಂದೇ ತಿಳಿಯಿರಿ. ಆಯಿಲ್ ತುಂಬುವ ಮುಚ್ಚಳದ ಅಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ಗಸಿ ಕಂಡರೆ ನೀರು ಸೇರಿದೆ. ಈ ಎಂಜಿನ್ ಆಯಿಲ್ ಕೂಲ್ಡ್, ಅಂದರೆ ಅದನ್ನು ತಣ್ಣಗಿಡುವುದು ಕೂಲೆಂಟ್ ದ್ರವವಲ್ಲ, ಆಯಿಲ್, ಆದ್ದರಿಂದ ಕೂಲೆಂಟ್ ಬೆರೆತಿದೆ ಎನ್ನುವ ಸಬೂಬು ನಡೆಯುವುದಿಲ್ಲ, ಹಳ್ಳದ ನೀರೋ, ತೀರಾ ಸಣ್ಣ ಓಡಾಟದಲ್ಲಿ ಕಟ್ಟಿದ ಹಬೆಯೋ ಆಗಿರಬೇಕು.

ಹೆಚ್ಚುವರಿ ಲೈಟು ಹಾಕಿಸಿದ್ದರೆ ಸೀಟು ತೆಗೆಸಿ ವೈರಿಂಗ್ ನೋಡಿ. ರಿಲೇ (ಲೈಟಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ಸ್ವಿಚ್) ಇಲ್ಲದೆ ವೈರು ಕತ್ತರಿಸಿ ಟೇಪು ಸುತ್ತಿದ ಕಡೆ ಮಳೆಗಾಲದಲ್ಲಿ ನಿಮ್ಮನ್ನು ಘಾಟಿಯ ನಡುವೆ ನಿಲ್ಲಿಸುವ ಕೆಲಸ ಆಗಲೇ ಶುರುವಾಗಿರುತ್ತದೆ.

ಕಾಗದಪತ್ರದಲ್ಲಿ, ಹ್ಯಾಂಡಲಿನ ಕೆಳಗೆ ಫ್ರೇಮಿನ ಮೇಲೆ ಕೊರೆದಿರುವ ಚಾಸಿಸ್ ನಂಬರನ್ನು ಆರ್‌ಸಿಯೊಂದಿಗೆ ನೀವೇ ಓದಿ ಹೋಲಿಸಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಅದನ್ನು ತೆಗೆಸಲು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಅಂದರೆ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಬಾಕಿ ದಂಡಗಳನ್ನು ಆನ್‌ಲೈನಿನಲ್ಲಿ ನೋಡಿಕೊಳ್ಳಿ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಥರ್ಡ್ ಪಾರ್ಟಿ ವಿಮೆಯನ್ನು ಐದು ವರ್ಷಕ್ಕೆ ಒಟ್ಟಿಗೆ ಮಾಡಿಸಬೇಕಾಗಿರುವುದರಿಂದ ಈ ಗಾಡಿಗೆ ಅದು 2027ರವರೆಗೆ ಇರಬೇಕು, ಆದರೆ ಗಾಡಿಯ ಸ್ವಂತ ಹಾನಿಯ ವಿಮೆಯನ್ನು ಮೊದಲ ವರ್ಷದ ಬಳಿಕ ನವೀಕರಿಸದೆ ಬಿಟ್ಟವರೇ ಬಹಳ. ವಿಮೆಯನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲು ಗಾಡಿ ಕೈಬದಲಾದ 14 ದಿನಗಳ ಒಳಗೆ ಅರ್ಜಿ ಕೊಡಬೇಕು. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಮಾರುವವರ ಸಹಿ ಬೀಳುವವರೆಗೂ, ಎರಡನೆಯ ಕೀಲಿ ನಿಮ್ಮ ಕೈಗೆ ಬರುವವರೆಗೂ ಪೂರ್ತಿ ಹಣವನ್ನು ಕೊಡಬೇಡಿ.