ಹಳೆಯ ಪತ್ರಿಕೆಗಳ ಸೇನಾ ಮೆರವಣಿಗೆ ಚಿತ್ರಗಳನ್ನು ಎಷ್ಟು ನಂಬಬಹುದು?

ಜಾಗ, ಸಮವಸ್ತ್ರ, ದಳಗಳ ಕ್ರಮ ಇವನ್ನು ಬಹುಮಟ್ಟಿಗೆ ನಂಬಬಹುದು. ಮುಖಗಳು, ಹೆಜ್ಜೆ, ಜನರ ಉತ್ಸಾಹ ಇವನ್ನು ಮಾತ್ರ ಎಚ್ಚರಿಕೆಯಿಂದ ನೋಡಿ.

ಕಾರಣ ಇರುವುದು ಮುದ್ರಣದಲ್ಲಿ. 1842ರಲ್ಲಿ ಶುರುವಾದ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಂಥ ವಾರಪತ್ರಿಕೆಗಳು ಮರದ ಅಚ್ಚು ಬಳಸುತ್ತಿದ್ದವು. ಆಗಿನ ಕ್ಯಾಮೆರಾದಲ್ಲಿ ನಡೆಯುವ ಸೈನಿಕರು ಮಸುಕಾಗಿಬಿಡುತ್ತಿದ್ದರು. ಹಾಗಾಗಿ ಕಲಾವಿದ ಅವಸರದಲ್ಲಿ ಗೀಚಿ ತಂದದ್ದನ್ನೇ ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಮೇಲೆ ಮೂಡಿಸುತ್ತಿದ್ದರು. ಚಿತ್ರ ದೊಡ್ಡದಾದರೆ ಹಲವು ಮರದ ತುಂಡು ಸೇರಿಸಿ ಮಾಡಿದ ಅಚ್ಚನ್ನು ಬಿಚ್ಚಿ ಹಲವು ಕೆತ್ತನೆಗಾರರಿಗೆ ಹಂಚಿ, ಆಮೇಲೆ ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಕುದುರೆಯ ಹೊಟ್ಟೆಯನ್ನೋ ಬಾವುಟವನ್ನೋ ಸೀಳಿದಂತೆ ನೇರವಾದ ತೆಳು ಬಿಳಿ ಗೆರೆ ಕಂಡರೆ ಅದು ಆ ಜೋಡಣೆಯ ಗುರುತು. ಕೆತ್ತಿದವರು ಮೆರವಣಿಗೆ ನೋಡಿಯೇ ಇರಲಿಕ್ಕಿಲ್ಲ. ಸಾಲಿನ ಸೈನಿಕರೆಲ್ಲ ಅಣ್ಣತಮ್ಮಂದಿರಂತೆ ಕಾಣುವುದು ಸುಮ್ನೆ ಅಲ್ಲ.

ನನಗೆ ಚಿತ್ರಕ್ಕಿಂತ ಜಾಸ್ತಿ ಇಷ್ಟವಾಗುವುದು ಪಕ್ಕದ ಬರಹ. 1852ರ ನವೆಂಬರ್ 18ರಂದು ಲಂಡನ್‌ನಲ್ಲಿ ನಡೆದ ಬ್ರಿಟಿಷ್ ಸೇನಾನಿ ಡ್ಯೂಕ್ ಆಫ್ ವೆಲಿಂಗ್ಟನ್‌ರ ಶವಯಾತ್ರೆಯಂಥ ಸಂದರ್ಭಗಳಲ್ಲಿ ಯಾವ ದಳ ಯಾರ ಹಿಂದೆ ಎಂಬ ಪಟ್ಟಿಯೇ ಅಚ್ಚಾಗುತ್ತಿತ್ತು. ಇತಿಹಾಸ ಹುಡುಕುವವರಿಗೆ ಅದು ನಿಧಿ ಅಲ್ವಾ! ಆದರೆ ಸಂಚಿಕೆಯ ತಾರೀಕು ನೋಡಿ. ಮೆರವಣಿಗೆಗಿಂತ ಮೊದಲಿನದಾದರೆ ಅದು ಬರೀ ಯೋಜನೆ, ನಡೆದದ್ದರ ವರದಿ ಅಲ್ಲ.

1880ರ ದಶಕದ ನಂತರ, ಫೋಟೋವನ್ನು ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವ ಹಾಫ್‌ಟೋನ್ ತಂತ್ರ ಹರಡಿ, ನಿಧಾನವಾಗಿ ಫೋಟೋಗಳೇ ಪುಟಕ್ಕೆ ಬಂದವು. ಭೂತಗನ್ನಡಿಯಲ್ಲಿ ಸಣ್ಣ ಚುಕ್ಕಿಗಳ ಜಾಲ ಕಂಡರೆ ಹಾಫ್‌ಟೋನ್, ಕೆತ್ತಿದ ಗೆರೆಗಳು ಕಂಡರೆ ಮರದ ಅಚ್ಚು.